ನೇರಳೆ ಅಂಚಿನ ಅವರೆ

ಚಿಂಬಲ್, ೧ ಜನವರಿ ೧೯೯೩

ಮುರುಗೆವ್ವ,

ಇದನ್ನು ನಿನಗೆ ಕಳಿಸುವುದಿಲ್ಲ. ಹೊಸ ವರ್ಷದ ರಜೆಯೆಂದು ಇವತ್ತು ಫಾತೋರ್ಡಾದ ನಿನ್ನ ಹೊಸ ಮನೆಗೆ ಬಂದಿದ್ದೆ. ನೀನು ಇರಲಿಲ್ಲ. ಮಾಡಿನ ತಗಡಿನ ಮೇಲೆಲ್ಲ ಬಳ್ಳಿ ಹಬ್ಬಿ, ನೇರಳೆ ಅಂಚಿನ ಅವರೆಕಾಯಿ ಜೋತಾಡುತ್ತಿದ್ದವು. ನನ್ನ ತವರಿನ ಅವರೆ.

"ಬೀಜ ಎಲ್ಲೀದ್ರಿ?" ಎಂದು ನಿನ್ನ ಅತ್ತೆಯನ್ನು ಕೇಳಿದೆ.

"ಚಿಂಬಲ್‌ನಿಂದ ಬರೂಮುಂದ ನಮ್ಮ ಸೊಸಿ ಗಂಟು ಕಟ್ಕೊಂಡು ತಂದಾಳ್ರಿ."

ಹೋದ ವರ್ಷ ನಾನು ಹೆರಿಗೆಗೆ ಊರಿಗೆ ಹೋಗುವಾಗ, ಜೋಪಾನ ಮಾಡೆಂದು ಬೂದಿಯಲ್ಲಿ ಕಲಸಿ, ಇಲ್ಲಿ ಪಕ್ಕದ ಮನೆಯಲ್ಲಿದ್ದ ನಿನ್ನ ಕೈಗೆ ಕೊಟ್ಟ ಬೀಜ ಅದು. ತಿರುಗಿ ಬಂದಾಗ, "ಎಲ್ಲಾ ಇಲಿ ತಿಂದ್ವು ಯಕ್ಕಾ" ಎಂದು ನೀನು ಅತ್ತಿದ್ದೆ. ಈ ಚಳಿಗಾಲ ನನ್ನ ಮನೆಯಲ್ಲಿ ರೊಟ್ಟಿಗೆ ಅವರೆ ಪಲ್ಯವೇ ಇಲ್ಲ.

ನಿನಗೆ ಇಲಿಯ ಕಾಟ ತಪ್ಪಲೆಂದು ಆಗ ನಾನೇ ಬೆಕ್ಕಿನ ಮರಿ ತಂದುಕೊಟ್ಟಿದ್ದೆ. ಮನೆ ಬಿಡುವಾಗ ನೀನು ಬೀಜದ ಗಂಟು ಮರೆಯಲಿಲ್ಲ. ಬೆಕ್ಕನ್ನು ಮಾತ್ರ ಇಲ್ಲಿಯೇ ಬಿಟ್ಟು ಹೋದೆ.