ಬೇರೆ ಅಡುಗೆಮನೆ ಇದ್ದ ಹಡಗು

ಅತ್ತೆಯವರಿಗೆ ಸೊಸೆ ಶಶಿಯ ಶರಣು.

ನಾವೆಲ್ಲ ಕ್ಷೇಮ ಎಂದು ಬರೆಯಲು ಹೋಗಿ ಪೆನ್ನು ನಿಲ್ಲಿಸಿದೆ. ನಿಮಗೆ ಒಂದು ಸುಳ್ಳು ಹೇಳಿದ್ದೇ ಸಾಕು. ನೀವು ತೀರಿಹೋಗಿ ಹತ್ತು ತಿಂಗಳಾಯಿತು. ಈಗ ನಿಮ್ಮ ಮಗನಿಗೆ ಹಡಗಿನ ಪ್ರವಾಸ ಮಾಡುವ ಮನಸ್ಸಾಗಿದೆ, ನಾವಿಬ್ಬರೇ, ನಾಲ್ಕು ದಿನ. "ಯಾವ ಕಂಪನಿ ಹಡಗು ಚಲೋ ಐತೆ ಅಂತ ನೀನೇ ನೋಡಿ ಹೇಳು, ನಂಗೆ ಅದೆಲ್ಲ ಗೊತ್ತಾಗಲ್ಲ" ಅಂದು ಅವರು ಊರಂಚಿನ ಕರೂರಿನ ಕಾರ್ಖಾನೆಗೆ ಹೊರಟುಬಿಡುತ್ತಿದ್ದರು. ನಾನು ಫೋನು ಹಿಡಿದು ಕೂರುತ್ತಿದ್ದೆ. ಕೂತ ಕೂಡಲೇ ನೀವು ಬರುತ್ತಿದ್ದಿರಿ.

ಬರುತ್ತಿದ್ದಿರಿ ಅಂದರೆ ಬರುತ್ತಿದ್ದಿರಿ, ಮಾತಿಗೆ ಹೇಳುತ್ತಿಲ್ಲ. ಬೆಳಗಿನ ಹನ್ನೊಂದು ಗಂಟೆ, ಕುಕ್ಕರ್ ಇಳಿಸಿಯಾಗಿದೆ, ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತಿದ್ದಾಳೆ. ಫೋನಿನಲ್ಲಿ ಹಡಗಿನ ಚಿತ್ರ ತೆರೆಯುತ್ತಲೇ ನನ್ನ ಎಡಗಡೆ ವಿಭೂತಿಯ ವಾಸನೆ. ಹಿಂದೆಯೇ ನಿಮ್ಮ ದನಿ: "ಅಡಿಗೆಮನೆ ಬ್ಯಾರೆ ಐತೇನವ್ವ?" ತಿರುಗಿದರೆ ಸೋಫಾ ಖಾಲಿ. ಒಂದು ದಿನವಲ್ಲ, ಎರಡು ದಿನವಲ್ಲ, ಹಡಗು ನೋಡಲು ಕೂತಾಗಲೆಲ್ಲ. ಭಯವಾಗುತ್ತಿತ್ತು ಅತ್ತೆ. ಆದರೂ ಮಾರನೆಯ ದಿನ ಅದೇ ಹೊತ್ತಿಗೆ ಅಲ್ಲೇ ಹೋಗಿ ಕೂರುತ್ತಿದ್ದೆ. ಯಾಕೋ...

ಎದುರುಮನೆ ಗಿರಿಜಕ್ಕ ಮುಂಬೈಯಲ್ಲಿ ಹಡಗು ಹತ್ತಿ ಬಂದು ಫೋಟೋ ತೋರಿಸಿದ ದಿನ ನೆನಪಿದೆಯಾ? ನೀವು ಕನ್ನಡಕ ಏರಿಸಿಕೊಂಡು ಒಂದೊಂದನ್ನೂ ಬೆರಳಲ್ಲಿ ಹಿಗ್ಗಿಸಿ ನೋಡಿದಿರಿ. ಅವರು ಈಜುಕೊಳ ತೋರಿಸಿದರೆ ನೀವು "ಮುಂಜಾನೆ ಲಿಂಗಪೂಜೆಗೆ ಸಿಹಿನೀರು ಕೊಡ್ತಾರೇನು?" ಅಂದಿರಿ. ಅವರು ನಾಟಕದ ಸಭಾಂಗಣ ತೋರಿಸಿದರೆ ನೀವು "ಹಡಗು ಅಲ್ಲಾಡಿದ್ರೆ ಅಂಗೈ ಮ್ಯಾಲಿನ ಲಿಂಗ ಹೆಂಗೆ ನಿಲ್ತೈತೆ?" ಅಂದಿರಿ. "ಅದನ್ನ ನೀವೇ ಹೋಗಿ ನೋಡ್ಕಂಡು ಬರ್ರಿ" ಅಂತ ಗಿರಿಜಕ್ಕ ನಕ್ಕರು. ಅವರು ಹೋದ ಮೇಲೆ ನೀವು ನನಗೊಬ್ಬಳಿಗೇ ಹೇಳಿದಿರಿ: "ಸುತ್ತಾಕಡೆ ಬರೇ ನೀರೇ ಇರೋದನ್ನ ಒಂದ್ಸಲ ನೋಡ್ಬೇಕು ಶಶಿ. ಹರಿಹರದಾಗೆ ಹುಟ್ಟಿದೋಳು ನಾನು. ಹೊಳಿ ಎಷ್ಟು ತುಂಬಿದ್ರೂ ಆಚೆ ದಡ ಕಾಣ್ತಿತ್ತು." ಎಪ್ಪತ್ತನಾಲ್ಕು ವರ್ಷಕ್ಕೆ ನೀವು ನನ್ನ ಹತ್ತಿರ ಹೇಳಿಕೊಂಡ ಮೊದಲ ಆಸೆ ಅದು.

ಅದಾದ ಎರಡು ದಿನಕ್ಕೆ ಕೆ.ಬಿ. ಬಡಾವಣೆಯ ಟೂರ್ ಆಫೀಸಿಗೆ ನಾನೊಬ್ಬಳೇ ಹೋಗಿದ್ದೆ. ಅಲ್ಲಿದ್ದವರು ಮೂರು ಕಂಪನಿಗಳ ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. ಒಂದರಲ್ಲಿ ಬಾರು, ಜೂಜು, ಗದ್ದಲ. ಇನ್ನೊಂದು ತೀರಾ ದೂರ ಹೋಗುವಂಥದ್ದು. ಮೂರನೆಯದರ ಮೇಲೆ ಬೆರಳಿಟ್ಟು, "ಮೇಡಂ, ಇದ್ರಲ್ಲಿ ಸಸ್ಯಾಹಾರಿ ಅಡುಗೆಮನೇನೇ ಬ್ಯಾರೆ ಐತೆ, ಅಡುಗೆಯವರೂ ಬ್ಯಾರೆ. ಲಿಫ್ಟ್ ಪಕ್ಕದ ರೂಮು ಕೊಡ್ಸೋಣ. ವಯಸ್ಸಾದೋರು ಬೇಕಾದಷ್ಟು ಜನ ಬರ್ತಾರ್ರಿ" ಅಂದರು. ನಿಮಗೆಂದೇ ಕಟ್ಟಿಸಿದ ಹಾಗಿತ್ತು. ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡು ನಡೆದೇ ಮನೆಗೆ ಬಂದೆ.

ಗೇಟಿನ ಹತ್ತಿರವೇ ನಿಂತಿದ್ದಿರಿ ನೀವು. "ಅಡಿಗೆಮನೆ ಬ್ಯಾರೆ ಐತೇನವ್ವ?" ಅಂದಿರಿ. "ಇಲ್ಲ ಅತ್ತೆ, ಎಲ್ಲಾ ಹಡಗಲ್ಲೂ ಒಂದೇ ಅಡುಗೆಮನೆ ಅಂತೆ" ಅಂದೆ. ಆ ಒಂದು ಮಾತು ಸಾಕು ಅಂತ ನನಗೆ ಗೊತ್ತಿತ್ತು. ಮಾಂಸ ಬೇಯುವ ಒಲೆಯ ಪಕ್ಕದ ನೀರನ್ನೂ ಮುಟ್ಟದವರು ನೀವು. ಕೈಕಾಲಿನ ನೆಪ ಹೇಳಿದ್ದರೆ ವಾದ ಮಾಡುತ್ತಿದ್ದಿರಿ, ದುಡ್ಡಿನ ನೆಪ ಹೇಳಿದ್ದರೆ ಬಳೆ ಬಿಚ್ಚುತ್ತಿದ್ದಿರಿ. ಇದಕ್ಕೆ ಮಾತ್ರ "ಹಂಗಾರೆ ಬ್ಯಾಡ ಬಿಡು" ಅಂದು ಒಳಗೆ ಹೋಗಿ ಅವರೆಕಾಯಿ ಸುಲಿಯಲು ಕೂತಿರಿ.

ಯಾಕೆ ಹಾಗೆ ಮಾಡಿದೆ? ನಿಮ್ಮ ಮೇಲೆ ನನಗೆ ಸಿಟ್ಟಿರಲಿಲ್ಲ. ಇಪ್ಪತ್ತಾರು ವರ್ಷ ಬೆಳಗಾದರೆ ನಿಮ್ಮ ಮಡಿನೀರು, ಪೂಜೆಯ ಪತ್ರೆ, ಆಮೇಲೆ ನಿಮ್ಮ ಕಾಫಿ. ಹಡಗಿನಲ್ಲೂ ಅದೇ ಆಗುತ್ತದಲ್ಲ ಅನಿಸಿತು. ನಾಲ್ಕು ದಿನ ಯಾರೂ ನನ್ನನ್ನು ಕರೆಯಬಾರದು, ನಾನು ಮತ್ತು ನಿಮ್ಮ ಮಗ ಇಬ್ಬರೇ ಇರಬೇಕು ಅನಿಸಿತು. ಇಷ್ಟೇ. ಇಷ್ಟಕ್ಕೇ. ಆದರೆ ಒಂದೇ ಅಡುಗೆಮನೆಯ ಹಡಗಿಗೆ ಸೊಸೆ ಹೇಗೆ ಹೊರಟಳು ಎಂದು ನೀವು ಕೇಳಿದರೆ? ಅದಕ್ಕೇ ಆಗ ನಾವೂ ಹೋಗಲಿಲ್ಲ. ನನ್ನ ಸುಳ್ಳು ನನ್ನನ್ನೇ ಕಟ್ಟಿಹಾಕಿತು.

ಆಮೇಲೆ ನೀವು ಮತ್ತೆ ಮತ್ತೆ ಕೇಳಿದಿರಿ. ಉಗಾದಿಗೆ ಹೂರಣ ರುಬ್ಬುವಾಗ ಒಂದು ಸಲ, ಹರಿಹರದಲ್ಲಿ ಮದುವೆ ಮುಗಿಸಿ ಬಸ್ಸಿಗೆ ಕಾಯುವಾಗ ಒಂದು ಸಲ. ಕೊನೆಗೆ ಆಸ್ಪತ್ರೆಯ ಮಂಚದ ಮೇಲೆ, ಮೂಗಿಗೆ ಕೊಳವೆ ಹಾಕಿದ್ದಾಗಲೂ, "ಬ್ಯಾರೆ ಅಡಿಗೆಮನೆ ಇರೋ ಹಡಗು ಯಾವುದೂ ಇಲ್ಲೇನವ್ವ?" ಅಂದಿರಿ. ನಾನು ನಿಮ್ಮ ಹೊದಿಕೆ ಸರಿಮಾಡುತ್ತಾ "ಇಲ್ಲ ಅತ್ತೆ" ಅಂದೆ. ನಂದಿಗುಡಿಯ ನಮ್ಮ ಹೊಲದಲ್ಲಿ ನಿಮ್ಮನ್ನು ಸಮಾಧಿಯೊಳಗೆ ಕೂರಿಸಿ ಎಡ ಅಂಗೈಯಲ್ಲಿ ಲಿಂಗ ಇಟ್ಟಾಗ ಎಲ್ಲರೂ ಅತ್ತರು, ನಾನು ಅಳಲಿಲ್ಲ. ಗಟ್ಟಿ ಮನಸ್ಸಿನವಳು ಅಂದುಕೊಂಡರು ಜನ.

ಕಳೆದ ಭಾನುವಾರ ಹರಿಹರಕ್ಕೆ ಹೋಗಿದ್ದಾಗ, ಹೊಳೆಯ ಮೆಟ್ಟಿಲ ಮೇಲೆ ಕೂತು ನಿಮ್ಮ ಮಗನಿಗೆ ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನೀರು ನೋಡುತ್ತಾ, "ಅವ್ವಗೆ ಗೊತ್ತಿತ್ತು" ಅಂದರು.

ನಾನು ಸುಳ್ಳು ಹೇಳಿದ ಮರುವಾರವೇ ನೀವು ಅವರಿಂದ ಟೂರ್ ಆಫೀಸಿಗೆ ಫೋನು ಮಾಡಿಸಿದಿರಂತೆ. ಬೇರೆ ಅಡುಗೆಮನೆ ಇರುವುದನ್ನು ನಿಮ್ಮ ಕಿವಿಯಾರೆ ಕೇಳಿದಿರಂತೆ. ಫೋನಿಟ್ಟು, "ಶಶಿಗೆ ಏನೂ ಅನಬ್ಯಾಡ. ದುಡಿದು ದುಡಿದು ಬ್ಯಾಸತ್ತೈತೆ ಅದು. ಒಂದಿನ ತಾನೇ ಹೇಳ್ತಾಳೆ ತಗಾ" ಅಂದಿರಂತೆ.

ಹಾಗಾದರೆ ಆಮೇಲೆ ನೀವು ಕೇಳಿದ್ದೆಲ್ಲ ಹಡಗಿನ ವಿಷಯವೇ ಅಲ್ಲವಲ್ಲ ಅತ್ತೆ? ಆಸ್ಪತ್ರೆಯಲ್ಲೂ ನನಗೋಸ್ಕರವೇ ಕೇಳಿದಿರಾ? ನಾನು ಹೇಳಿ ಹಗುರಾಗಲಿ ಎಂದು? ನಾನೋ...

ಮಾರನೆಯ ದಿನ ಟೂರ್ ಆಫೀಸಿಗೆ ಹೋಗಿ ಅದೇ ಕಂಪನಿಯ ಹಡಗಿಗೆ ಟಿಕೆಟ್ ಮಾಡಿಸಿದೆ. ಮನೆಗೆ ಬಂದು ಕೂತಾಗ ನೀವು ಬಂದಿರಿ, ಎಂದಿನಂತೆಯೇ ಕೇಳಿದಿರಿ. ಈ ಸಲ ತಿರುಗಿ ನೋಡಿ ಗಟ್ಟಿಯಾಗಿಯೇ ಹೇಳಿದೆ: "ಐತೆ ಅತ್ತೆ. ಆವಾಗ್ಲೂ ಇತ್ತು. ನಿಮ್ಮನ್ನ ಕರ್ಕಂಡು ಹೋಗಾಕೆ ನಂಗೇ ಮನಸ್ಸಿರ್ಲಿಲ್ಲ." ಹೇಳಿ ಮುಗಿಸಿ ಅತ್ತೆ, ಹತ್ತು ತಿಂಗಳ ಅಳುವೆಲ್ಲ ಅತ್ತೆ.

ಆಮೇಲೆ ನಾಲ್ಕು ದಿನವಾಯಿತು, ನೀವು ಬಂದಿಲ್ಲ. ವಿಭೂತಿಯ ವಾಸನೆಯೂ ಇಲ್ಲ, ದನಿಯೂ ಇಲ್ಲ. ಹಡಗು ಹೊರಡುವುದು ಮುಂದಿನ ತಿಂಗಳು, ನಿಮ್ಮನ್ನು ಬಿಟ್ಟು ಹೋಗಬೇಕೆಂದು ಅಷ್ಟು ಹಟ ಹಿಡಿದಿದ್ದೆನಲ್ಲ, ಈಗ ನಿಜವಾಗಿಯೂ ಹಾಗೇ ಹೋಗುತ್ತಿದ್ದೇನೆ. ಬೈಯುವುದಕ್ಕಾದರೂ ಒಂದು ಸಲ ಬನ್ನಿ.