ಬಾವುಟದ ತುದಿ ಹಿಡಿದವನು

ಬೆಮಿಜಿ, ಮಿನೆಸೋಟ
ಆಗಸ್ಟ್ 9

ಮಗಳೇ ಸಿಗ್ನೆ,

‘ಮೇ ತಿಂಗಳಿಗೆ ಸೇವೆ ಎಲ್ಲಾ ಮುಗೀತಪ್ಪಾ, ಆಮೇಲೆ ಈ ಮಿಲಿಟರಿ ಬೂಟು ನಾಯಿಗೆ’ ಎಂದೇನೋ ಅಂದಿದ್ದೆ ನೀನು, ಕಳೆದ ಕ್ರಿಸ್‌ಮಸ್‌ನಲ್ಲಿ. ಇರಲಿ, ಮೊದಲು ನಿನ್ನ ಮೊಣಕಾಲು ಹೇಗಿದೆ? ನರ್ಸಿಂಗ್ ಓದುವವಳೇ ಡಾಕ್ಟರಿಗೆ ತೋರಿಸದೆ ಕುಂಟಿಕೊಂಡು ಓಡಾಡುವುದೇ ಎಂದು ನಿನ್ನ ಅಮ್ಮನ ಗೊಣಗಾಟ. ನಾವು ಕ್ಷೇಮ.

ಮಂಗಳವಾರ ಕಾಲೇಜಿನಿಂದ ನಿನ್ನ ಹೆಸರಿಗೆ ಲಕೋಟೆ ಬಂತು. ಒಡೆದೆ, ತಪ್ಪು, ಒಪ್ಪಿಕೊಳ್ಳುತ್ತೇನೆ. ಸೈನ್ಯದ ಮೀಸಲು ಪಡೆಯವರಿಗೆ ರಾಜ್ಯ ಕೊಡುವ ಕಾಲೇಜು ಶುಲ್ಕದ ನೆರವು ನಿನಗೆ ಈ ವರ್ಷವೂ ಮಂಜೂರಾಗಿದೆ. ಸಂತೋಷಪಡಬೇಕಾದ ಕಾಗದವೇ. ಆದರೆ ಸೇವೆಯಲ್ಲಿ ಇರುವವರಿಗಷ್ಟೇ ಆ ನೆರವು, ಮತ್ತು ನಿನ್ನ ಸೇವೆ ಮೇ ತಿಂಗಳಲ್ಲಿ ಮುಗಿದಿತ್ತಲ್ಲ? ಕೆಳಗೆ ನೋಡಿದರೆ, ಸೇವೆ ಮುಗಿಯುವ ದಿನ ಇನ್ನೂ ಆರು ವರ್ಷ ಆಚೆಗಿದೆ. ಗುಮಾಸ್ತರ ಕೈತಪ್ಪು ಎಂದುಕೊಂಡೆ. ಕೈತಪ್ಪುಗಳು ಇಷ್ಟು ಅಚ್ಚುಕಟ್ಟಾಗಿ ನಮಗೆ ಅನುಕೂಲವಾಗುವುದಿಲ್ಲ ಎಂದು ಆಮೇಲೆ ಅನಿಸಿತು. ಜೂನ್‌ನಲ್ಲೂ ಜುಲೈಯಲ್ಲೂ ಒಂದೊಂದು ಶನಿವಾರ-ಭಾನುವಾರ ‘ಆಸ್ಪತ್ರೆ ಡ್ಯೂಟಿ’ ಎಂದು ನೀನು ಫೋನ್ ಎತ್ತದೆ ಇದ್ದದ್ದು ನೆನಪಾಯಿತು; ಪಡೆಯ ಕವಾಯತೂ ತಿಂಗಳಿಗೊಂದು ಶನಿವಾರ-ಭಾನುವಾರವೇ ಅಲ್ಲವೇ.

ನಿಮ್ಮ ತುಕಡಿಯ ಕಚೇರಿಗೆ ಹೋದೆ. ಸಾರ್ಜೆಂಟ್ ನೈಬರ್ಗ್ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ‘ಅವಳೇನು ಚಿಕ್ಕ ಹುಡುಗೀನಾ ಸಾರ್? ಅವಳ ಫೈಲು ನಿಮಗೆ ತೋರ್ಸೋಕಾಗಲ್ಲ.’ ನಾನು ಕದಲಲಿಲ್ಲ. ‘ಏನೋ ಹೇಳಿ ಮರುಳು ಮಾಡಿ ಸಹಿ ಹಾಕಿಸ್ಕೊಂಡಿದ್ದೀರಿ’ ಎಂದೆ. ಅವಳಿಗೆ ನಗು ಬಂತು. ‘ನಾವಾ? ಚೆನ್ನಾಗಿದೆ! ಪ್ರಮಾಣ ಮಾಡುವಾಗ ನೀವೇ ಪಕ್ಕದಲ್ಲಿ ನಿಂತಿದ್ರಲ್ಲ ಯಜಮಾನ್ರೇ’ ಎಂದು ಗೋಡೆ ತೋರಿಸಿದಳು.

ಗೋಡೆಯ ಮೇಲೊಂದು ಫೋಟೊ. ಫೆಬ್ರವರಿ, ಹೆಪ್ಪುಗಟ್ಟಿದ ಸರೋವರ, ಐಸಿನಲ್ಲಿ ತೂತು ಕೊರೆದು ನಾವು ಮೀನು ಹಿಡಿಯಲು ಕೂರುವ ಗುಡಿಸಲು. ನಿಮ್ಮ ಲೆಫ್ಟಿನೆಂಟ್ ಎದುರು ಬಲಗೈ ಎತ್ತಿ ನಿಂತವಳು ನೀನು. ಹಿಂದೆ ಬಾವುಟ, ಒಂದು ಕೈಯಲ್ಲಿ ಅದರ ತುದಿ, ಇನ್ನೊಂದರಲ್ಲಿ ಗಾಳ ಹಿಡಿದು ಹಲ್ಲುಕಿರಿದವನು ನಾನು. ‘ತಮಾಷೆಗೆ ಒಂದು ಫೋಟೊ, ಸುಮ್ನೆ ಹಿಡ್ಕೊಳ್ಳಪ್ಪಾ’ ಅಂದಿದ್ದೆ ನೀನು. ಪಕ್ಕದಲ್ಲಿ ಯಾರೋ ಐಸು ಕೊರೆಯುವ ಮಷೀನು ಓಡಿಸುತ್ತಿದ್ದರು, ನೀವಿಬ್ಬರು ಆಡಿದ ಒಂದು ಮಾತೂ ನನಗೆ ಕೇಳಿಸಲಿಲ್ಲ. ಸೇವೆ ಮುಂದುವರಿಸುವವರು ತಮಗಿಷ್ಟವಾದ ಜಾಗದಲ್ಲಿ ಪ್ರಮಾಣ ಮಾಡಬಹುದಂತೆ. ಮನೆಯವರು ಜೊತೆಗಿರುವುದು ವಾಡಿಕೆಯಂತೆ. ಸೈನ್ಯದ ಸಂಬಂಧವೇ ಇಲ್ಲದ ನನಗೆ ಇದು ಗೊತ್ತಿರುವುದಿಲ್ಲ ಎಂಬುದು ನಿನಗೆ ಗೊತ್ತಿತ್ತು.

ಓದಿನ ಖರ್ಚು ನನ್ನ ಪಾಲಿಗಿರಲಿ ಎಂದು ನಾನು ಮಾತು ಕೊಟ್ಟಿದ್ದೆ. ನೀನು ನಂಬಲಿಲ್ಲ. ಆ ಮಾತನ್ನು ನಾನೂ ಪೂರ್ತಿ ನಂಬಿರಲಿಲ್ಲ.

ಅಮ್ಮನಿಗೆ ಏನೂ ಹೇಳಿಲ್ಲ. ಅವಳು ನಿನಗೆಂದು ಚೋಕ್‌ಚೆರಿ ಹಣ್ಣಿನ ಜಾಮ್ ಮಾಡಿಟ್ಟಿದ್ದಾಳೆ. ಕಾಲಿಗೆ ವಿಶ್ರಾಂತಿ ಕೊಡು, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಆರ್ಲೆನ್

ಅಂಚೆಗೆ ಹಾಕುವ ಮುನ್ನ ಇನ್ನೊಂದು ಮಾತು: ನಿಮ್ಮ ತುಕಡಿ ಚಳಿಗಾಲಕ್ಕೆ ವಿದೇಶಕ್ಕೆ ಹೊರಡಲಿದೆ ಎಂದು ಸಾರ್ಜೆಂಟ್ ಬಾಯಿತಪ್ಪಿ ಹೇಳಿದಳು. ಆ ಫೋಟೊದ ಪ್ರತಿಯನ್ನೂ ಕೊಟ್ಟಳು. ಅದರಲ್ಲಿ ನೀನು ಲೆಫ್ಟಿನೆಂಟನನ್ನು ನೋಡುತ್ತಿಲ್ಲ, ಕ್ಯಾಮೆರಾವನ್ನೂ ನೋಡುತ್ತಿಲ್ಲ. ಕೈ ಎತ್ತಿಕೊಂಡೇ ಕತ್ತು ಹೊರಳಿಸಿ ನನ್ನನ್ನು ನೋಡುತ್ತಿದ್ದೀಯ. ಸಿಗ್ನೆ, ನಾನು ಬಾವುಟ ಕೈಬಿಟ್ಟು ‘ಏನೇ ಇದು?’ ಎಂದು ಕೇಳಲಿ ಅಂತ ಕಾಯುತ್ತಿದ್ದೆಯಾ?