ಮೂರನೆಯ ಹೊರೆದಾರಿ

ಮೇ 4, ಭಾನುವಾರ

ಬಾತು ಬೇಟೆಗೆಂದು ಶಾಲೆಗೆ ಎರಡು ವಾರ ರಜೆ. ಅಲ್ಲಿನ ಅಡುಗೆಮನೆಗೆ ಬೀಗ ಹಾಕಿ ಬಂದೆ. ಊರಿಗೆ ಊರೇ ಕಾಡು ಸೇರಿದೆ. ನಾನು ಊಟದ ಮೇಜಿನ ಮೇಲೆ ಮ್ಯಾಪು ಹರಡಿಕೊಂಡು ಕೂತಿದ್ದೇನೆ. ಮೂರು ಶೀಟು, ನಡುವೆ ಟೇಪು.

ಮತ್ತೆ ಮೊದಲಿಂದ. ಸರೋವರದ ಉತ್ತರದ ತುದಿ, ಅಲ್ಲಿಂದ ನದಿ. ಜಲಪಾತ ಬಂದಲ್ಲೆಲ್ಲ ದೋಣಿ ಹೊತ್ತು ಕಾಡಿನಲ್ಲಿ ನಡೆಯಬೇಕು. ಇಂಥ ಹೊರೆದಾರಿ ಮೂರು. ಮೊದಲನೆಯದು ಎಂಟುನೂರು ಮೀಟರ್. ಎರಡನೆಯದು ಎರಡು ಕಿಲೋಮೀಟರ್, ಬರೀ ಜೌಗು. ಮೂರನೆಯದು ನಾಲ್ಕು. ಅದರಾಚೆ ಅಪ್ಪನ ಬೇಟೆ ಗುಡಿಸಲು.

ಹೋದ ಅಕ್ಟೋಬರಿನಲ್ಲಿ ತಮ್ಮ ಏಬಲ್ ಒಬ್ಬನೇ ಅಲ್ಲಿಗೆ ಹೊರಟ. ತಲುಪಲಿಲ್ಲ. ಹೆಲಿಕಾಪ್ಟರಿನವರು ಗುಡಿಸಲ ಬಳಿ ಇಳಿದು ನೋಡಿದರು. ಒಲೆಯಲ್ಲಿ ಹೊಸ ಬೂದಿ ಇರಲಿಲ್ಲ. ನದಿಯ ಮೇಲೆ ನಾಲ್ಕು ದಿನ ಹಾರಾಡಿದರು. ಹಿಮ ಬಿದ್ದ ಮೇಲೆ ಕೈಬಿಟ್ಟರು.

ಅಂದರೆ ಮೇಲಿನಿಂದ ಕಾಣದ ಜಾಗದಲ್ಲಿ ಇದ್ದಾನೆ. ಮರಗಳ ಕೆಳಗೆ. ಯಾವುದೋ ಒಂದು ಹೊರೆದಾರಿಯಲ್ಲಿ.

‘ಇದ್ದಾನೆ’ ಎಂದು ಬರೆದೆ. ಹೊಡೆದುಹಾಕಲು ಮನಸ್ಸಾಗಲಿಲ್ಲ.

ಮೇ 7, ಬುಧವಾರ

ಸೈಲಸ್ ಬಂದಿದ್ದ. ಇಪ್ಪತ್ತು ವರ್ಷ ಏಬಲ್‌ನ ಜೊತೆ ಬೇಟೆಯಾಡಿದವನು. ವಯಸ್ಸು ಅರವತ್ತಮೂರು, ಎಡಮೊಣಕಾಲು ಸರಿಯಿಲ್ಲ. ಹುಡುಕಲು ಜೊತೆಗೆ ಬಾ ಎಂದು ನಾನು ಕೇಳಿದವರಲ್ಲಿ ಆರನೆಯವನು. ಉಳಿದ ಐವರೂ ನಯವಾಗಿ ತಲೆಯಾಡಿಸಿ ಜಾರಿಕೊಂಡಿದ್ದರು.

ಮ್ಯಾಪು ನೋಡಿ ನಕ್ಕ. “ಈ ಮ್ಯಾಪು ಮಾಡಿದೋನು ಕಾಡಿಗೆ ಬೆಂಕಿ ಬೀಳೋಕೆ ಮುಂಚೆ ಸತ್ತಿರ್ಬೇಕು. ಮೂರನೇದ್ರಲ್ಲಿ ದಾರಿ ಎಲ್ಲಿದೆ ಮಾರಾಯ್ತಿ? ಸುಟ್ಟ ಮರ ಒಂದ್ರ ಮೇಲೊಂದು ಬಿದ್ದಿದೆ. ಸಂದಿಲೆಲ್ಲ ಎಳೇ ಪೈನು, ಬಾಚಣಿಗೆ ಹಲ್ಲಿನ ಹಾಗೆ.”

“ಒಟ್ಟು ನಾಲ್ಕು ಕಿಲೋಮೀಟರ್ ತಾನೆ?”

“ನಾಲ್ಕಲ್ಲ, ಹನ್ನೆರಡು. ದೋಣಿ ಹೊತ್ಕೊಂಡು ಒಂದ್ಸಲ, ಖಾಲಿ ಕೈಲಿ ವಾಪಸ್, ಆಮೇಲೆ ಮೂಟೆ. ಅಡುಗೆಯೋಳು ನೀನು, ಲೆಕ್ಕ ನಿಂಗೆ ಬರಲ್ವಾ?”

“ಇನ್ನೂರು ಮಕ್ಕಳಿಗೆ ಬಡಿಸ್ತೀನಿ ಸೈಲಸ್. ನಿನಗಿಂತ ಚೆನ್ನಾಗಿ ಬರುತ್ತೆ.”

“ಶುರುವಲ್ಲಿ ಒಂದು ಕಿಲೋಮೀಟರ್ ತೆರೆದಿದೆ. ಅಷ್ಟು ಗೊತ್ತು.”

“ಯಾರು ಕಡಿದಿದ್ದು?”

ಎದ್ದು ಹೋಗಿ ನಲ್ಲಿ ತಿರುಗಿಸಿ ಲೋಟ ತೊಳೆದ. ಆಗಲೇ ತೊಳೆದಿದ್ದ ಲೋಟ. ಬಾಗಿಲ ಬಳಿ ನಿಂತು, “ಬರ್ತೀನಿ,” ಅಂದ. ಹೊರಡುತ್ತೇನೆ ಅಂತಲೋ ಜೊತೆಗೆ ಬರುತ್ತೇನೆ ಅಂತಲೋ ತಿಳಿಯಲಿಲ್ಲ. ಕೇಳಿದೆ. ಜೊತೆಗೇ ಅಂತೆ.

ಮೇ 11, ಭಾನುವಾರ

ಹೊರೆಯ ಲೆಕ್ಕ. ದೋಣಿ ಮೂವತ್ತೆರಡು ಕಿಲೋ. ಡೇರೆ, ಕೊಡಲಿ, ಗರಗಸ. ಹಿಟ್ಟು, ಒಣಗಿಸಿದ ಮೂಸ್ ಜಿಂಕೆ ಮಾಂಸ, ಕೊಬ್ಬು, ಚಹಾ — ಹದಿನೈದು ದಿನಕ್ಕೆ. ಹೆಚ್ಚು ದಿನದ ಊಟ ಒಯ್ದರೆ ಹೊರೆ ಭಾರ, ಹೊರೆ ಭಾರವಾದರೆ ಹೆಚ್ಚು ದಿನ... ಎಲ್ಲಿಂದ ಶುರು ಮಾಡಿದರೂ ಅಲ್ಲಿಗೇ ಬಂದು ನಿಲ್ಲುತ್ತದೆ.

ಪಶ್ಚಿಮದ ಕೆರೆಗಳ ಮೇಲಿಂದ ಸುತ್ತು ಹಾಕಿ ಹೋಗಬಹುದೇ ಎಂದು ನೋಡಿದೆ. ಹನ್ನೊಂದು ಹೊರೆದಾರಿ. ಇಲ್ಲ. ಅದೂ ಅಲ್ಲದೆ ಏಬಲ್ ಆ ಕಡೆ ಹೋದವನಲ್ಲ.

ಮೇ 23, ಶುಕ್ರವಾರ

ಸರೋವರದ ಮಂಜುಗಡ್ಡೆ ಒಡೆದಿದೆ, ಇನ್ನು ದೋಣಿ ಇಳಿಸಬಹುದು. ತಮ್ಮನ ಹೆಂಡತಿ ಹ್ಯಾರಿಯೆಟ್ ಬಂದಳು. ಕೂರಲಿಲ್ಲ.

“ನೀನು ಹೋಗ್ತಿರೋದು ಹೆಣ ತರೋಕೆ. ನನ್ನ ಗಂಡನ್ನ ಕರ್ಕೊಂಡು ಬರೋಕಲ್ಲ.”

“ಏಳು ತಿಂಗಳಾಯ್ತು ಹ್ಯಾರಿಯೆಟ್.”

“ನಿಮ್ಮ ತಾತ ಕಾಡಲ್ಲೇ ಇಡೀ ಚಳಿಗಾಲ ಮೊಲ ತಿಂದ್ಕೊಂಡು ಬದುಕಿ ಬಂದಿದ್ರು. ನೀನೇ ಎಲ್ಲರಿಗೂ ಹೇಳ್ತಿದ್ದೆ ಆ ಕತೆ.”

ಹೇಳುತ್ತಿದ್ದೆ. ನಿಜ.

ಹೋಗುವಾಗ ಉಣ್ಣೆಯ ಕಾಲುಚೀಲ ಮೇಜಿನ ಮೇಲೆ ಇಟ್ಟಳು. ಹೊಸದು, ಅವಳೇ ಹೆಣೆದದ್ದು. “ಅವನ ಕಾಲು ಒದ್ದೆಯಾಗಿರುತ್ತೆ.”

ಇನ್ನೂರು ಗ್ರಾಂ. ಮೂಟೆಯಲ್ಲಿ ಸೇರಿಸಿದೆ.

ಜೂನ್ 9, ಸೋಮವಾರ. ಎರಡನೆಯ ಹೊರೆದಾರಿಯ ಕೊನೆ

ಹೊರಟು ಐದು ದಿನ. ಮೊದಲನೆಯದರಲ್ಲಿ ಏನೂ ಸಿಗಲಿಲ್ಲ. ಇದರಲ್ಲೂ ಇಲ್ಲ. ಜೌಗಿನಲ್ಲಿ ಸೊಂಟದವರೆಗೂ ಇಳಿದೆ. ಸೈಲಸ್ ದೋಣಿಯಡಿಯಿಂದಲೇ ಬೈಯುತ್ತಿದ್ದ, “ಬಲಕ್ಕೆ ಅಂದ್ನಲ್ಲ! ಬಲ ಅಂದ್ರೆ ಸೌಟು ಹಿಡಿಯೋ ಕೈ!” ನಕ್ಕೆ. ನಕ್ಕಿದ್ದಕ್ಕೆ ಆಮೇಲೆ ಬೇಜಾರಾಯಿತು. ಕರಿನೊಣ ಕಚ್ಚಿ ಕಿವಿಯ ಹಿಂದೆಲ್ಲ ರಕ್ತ.

ನಾಳೆ ಮೂರನೆಯದು.

ಜೂನ್ 11, ಬುಧವಾರ, ಮಧ್ಯಾಹ್ನ

ಏಬಲ್‌ನ ದೋಣಿ ಸಿಕ್ಕಿತು.

ಒಂದು ಕಿಲೋಮೀಟರ್ ದಾರಿ ತೆರೆದೇ ಇತ್ತು. ಹಳೆಯ ಕೊಡಲಿ ಪೆಟ್ಟು, ಬೂದಿಬಣ್ಣಕ್ಕೆ ತಿರುಗಿದೆ. ಒಂದು ದೊಡ್ಡ ಬಂಡೆಯ ಹತ್ತಿರ ಕಡಿದದ್ದು ಮುಗಿಯಿತು. ಗೋಡೆ ಎದ್ದ ಹಾಗೆ ಬಿದ್ದ ಮರಗಳು. ಅಲ್ಲೇ ಹಸಿರು ದೋಣಿ, ಬೋರಲಾಗಿ, ಒಪ್ಪವಾಗಿ. ಹುಟ್ಟುಗಳು ಒಳಗಿದ್ದವು. ಮೂಟೆ ಇಲ್ಲ, ಕೋವಿ ಇಲ್ಲ. ಮುಂದೆ ನಲವತ್ತು ಹೆಜ್ಜೆಯಷ್ಟು ಹೊಸ ಪೆಟ್ಟು, ಇನ್ನೂ ಹಳದಿ. ಆಮೇಲೆ ಏನೂ ಇಲ್ಲ.

ಹೆಸರು ಹಿಡಿದು ಕೂಗಿದೆ. ಗಂಟಲು ಕಟ್ಟುವವರೆಗೂ.

ತಿರುಗಿ ನೋಡಿದರೆ ಸೈಲಸ್ ಬಂಡೆಗೆ ಒರಗಿ ಕೂತಿದ್ದ. ಟೋಪಿ ತೆಗೆದಿದ್ದ.

“ಆ ಒಂದು ಕಿಲೋಮೀಟರ್ ಕಡಿದೋನು ನಾನು. ಹೋದ ಆಗಸ್ಟಲ್ಲಿ. ಮೊಣಕಾಲು ಕೈಕೊಡ್ತು, ವಾಪಸ್ ಬಂದೆ.”

“ಅದಕ್ಕೇನೀಗ?”

“ಸೆಪ್ಟೆಂಬರಲ್ಲಿ ಏಬಲ್ ಅಂಗಡಿ ಹತ್ರ ಸಿಕ್ಕಿದ್ದ. ಮೂರನೇದು ಹೆಂಗಿದೆ ಅಂದ. ಅಲ್ಲಿ ಹುಡುಗರೆಲ್ಲ ನಿಂತಿದ್ರು, ಎಮಲೀನ್. ಮುದುಕ ಆದೆ ಅಂತ ಆಡ್ಕೊಳ್ತಿದ್ರು. ಪೂರ್ತಿ ಕಡಿದು ಬಂದಿದೀನಿ, ಕಣ್ಮುಚ್ಕೊಂಡು ಹೋಗು ಅಂದ್ಬಿಟ್ಟೆ.”

ಏಬಲ್‌ನ ದೋಣಿ ಎತ್ತಿ ಒಳಗೆ ಮತ್ತೊಮ್ಮೆ ನೋಡಿದೆ.

ಏಬಲ್ ಅರ್ಧ ದಿನದ ದಾರಿ ಅಂದುಕೊಂಡು ಬಂದಿದ್ದ. ಊಟವನ್ನೂ ಅಷ್ಟಕ್ಕೇ ತಂದಿರಬೇಕು. ಗೋಡೆ ಎದುರಾದಾಗ ದೋಣಿ ಇಟ್ಟು, ಗುಡಿಸಲು ಹತ್ತಿರವೇ ಇದೆ ಎಂದು ನಡೆದಿದ್ದಾನೆ.

ಜೂನ್ 13, ಶುಕ್ರವಾರ, ಸಂಜೆ

ಎರಡು ದಿನ ಹುಡುಕಿದೆವು. ಹೊರೆಯಿಲ್ಲದೆ ಬರೀ ಕೈಯಲ್ಲಿ ನಡೆದರೂ ದಿನಕ್ಕೆ ಮುನ್ನೂರು ಮೀಟರ್. ಮರದ ಮೇಲೆ ಮರ ಹತ್ತಿ ಇಳಿಯಬೇಕು. ಸಂದಿಗಳಲ್ಲಿ ನೀರು. ಐದು ಹೆಜ್ಜೆ ಆಚೆ ಸೈಲಸ್ ಇದ್ದರೂ ನನಗೆ ಕಾಣುವುದಿಲ್ಲ. ಇಲ್ಲಿ ಒಬ್ಬ ಮಲಗಿದ್ದರೆ ತುಳಿದರೂ ತಿಳಿಯದು.

ಉಳಿದದ್ದು ಎರಡೂವರೆ ಕಿಲೋಮೀಟರ್. ಎಂಟು ದಿನ. ಇರುವ ಊಟ ಆರು ದಿನದ್ದು, ವಾಪಸಾಗಲು ಬೇಕಾದದ್ದು ಐದು.

“ನೀ ಹೋಗು. ನಾ ಇಲ್ಲೇ ಇದ್ದು ಹುಡುಕ್ತೀನಿ,” ಎಂದ ಸೈಲಸ್.

“ದೋಣಿ ಯಾರು ಹೊರ್ತಾರೆ?”

“ಅದಕ್ಕೊಂದೇ ನಾನು ಬೇಕಾ?”

“ಹೌದು. ಅದಕ್ಕೊಂದೇ.”

ತಲೆಯಾಡಿಸಿದ. ಅವನಿಲ್ಲದೆ ನಾನೊಬ್ಬಳೇ ವಾಪಸು ಹೋಗಬಹುದಾಗಿದ್ದರೆ ಅವನನ್ನು ಇಲ್ಲೇ ಬಿಡುತ್ತಿದ್ದೆ. ಬರೆದಿಟ್ಟಿದ್ದೇನೆ. ಯಾರು ಓದಬೇಕು ಇದನ್ನು.

ರೊಟ್ಟಿ ಸುಟ್ಟು ಅರ್ಧ ಅವನಿಗೆ ಕೊಟ್ಟೆ.

ಜೂನ್ 14, ಶನಿವಾರ, ಬೆಳಿಗ್ಗೆ 6

ಮಳೆ. ವಾಪಸು ಹೊರಡಬೇಕು. ಅದೇ ಮೂರು ಹೊರೆದಾರಿ, ಹಿಂದುಮುಂದಾಗಿ. ಸೈಲಸ್ ಆಗಲೇ ದೋಣಿ ತಲೆಗೇರಿಸಿ ನಿಂತಿದ್ದಾನೆ. ಇಳಿಸು, ನಾನಿನ್ನೂ ಸಿದ್ಧವಿಲ್ಲ ಎಂದರೂ ಇಳಿಸುತ್ತಿಲ್ಲ.

ಏಬಲ್‌ನ ದೋಣಿ ಇಲ್ಲೇ ಉಳಿಯುತ್ತದೆ. ಎರಡನ್ನು ಹೊರಲಾಗದು.

ಹ್ಯಾರಿಯೆಟ್ ದಡಕ್ಕೇ ಬಂದು ನಿಂತಿರುತ್ತಾಳೆ. ದೋಣಿ ಸಿಕ್ಕಿತು, ಮೂಟೆ ಕೋವಿ ಅವನ ಜೊತೆಗಿವೆ ಎಂದರೆ ಇನ್ನೂ ಹತ್ತು ವರ್ಷ ಕಾಯುತ್ತಾಳೆ. ಏನೂ ಸಿಗಲಿಲ್ಲ ಎನ್ನಬಹುದು. ಒಂದು ಮಾತು ಅಷ್ಟೇ. ಸೈಲಸ್ ಅಂಗಡಿ ಹತ್ತಿರ ಆಡಿದ್ದೂ ಒಂದೇ ಮಾತು. ನಾನೂ ಹಾಗೆ ಒಂದು ಸುಳ್ಳು ಹೇಳಿಬಿಡಲೇ? ಸೈಲಸ್ ಕರೆಯುತ್ತಿದ್ದಾನೆ; ದಡ ಸೇರಲು ಇನ್ನೂ ಐದು ದಿನವಿದೆ.